ತಳವಾರರ ಮನೆಯ ಜಮಾದಾರ

ಹುಲುಗೇಶ ದಿನಕ್ಕೆ ಎಷ್ಟು ಮುಳ್ಳು ಕೀಳುತ್ತಾನೋ ಅವನಿಗೇ ಗೊತ್ತಿಲ್ಲ. ಕಾನಹೊಸಹಳ್ಳಿಯ ಹೈವೇ ಪಕ್ಕದಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಗುಡೇಕೋಟೆ ಕಡೆಯಿಂದ ಬರುವ ಬೈಕು, ಆಟೋಗಳೆಲ್ಲ ಜಾಲಿಮುಳ್ಳು ಚುಚ್ಚಿಸಿಕೊಂಡೇ ಬರುತ್ತವೆ. ಟಯರಿನೊಳಗೆ ಬೆರಳಾಡಿಸಿ, ಮುಳ್ಳು ಸಿಕ್ಕ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಯಾರಿಗೋ ನೋವಾದೀತು ಎಂಬಂತೆ ಮೆಲ್ಲಗೆ ಎಳೆಯುತ್ತಾನೆ. ನಲವತ್ತೇಳು ವರ್ಷ, ಒಣಕಲು ಮೈ, ಸಣ್ಣ ದನಿ. ಗಿರಾಕಿ ಜಗಳಕ್ಕೆ ಬಂದರೂ ‘ಆತ್ ಬಿಡ್ರಿ’ ಎಂದು ಸುಮ್ಮನಾಗುವ ಆಸಾಮಿ. ಇಂಥವನನ್ನು ಕಂಡು ವರ್ಷಕ್ಕೊಂದು ಸಲ ಒಂದಿಡೀ ಊರು ಹೆದರುತ್ತದೆ, ಅದೂ ಹಾಡಹಗಲೇ, ಎಂದರೆ ನೀವು ನಂಬಲಿಕ್ಕಿಲ್ಲ. ಬಹಳ ವರ್ಷ ನಾನೂ ನಂಬಿರಲಿಲ್ಲ.

ಅವನ ಊರು ಅಂಗಡಿಯಿಂದ ಏಳೆಂಟು ಮೈಲಿ ಒಳಗೆ, ಕುರುಚಲು ಗುಡ್ಡಗಳ ನಡುವೆ ಇದೆ. ಊರಿನ ಹೆಸರು ಬರೆಯುವುದಿಲ್ಲ. ಜನರ ಹೆಸರನ್ನೂ ಬದಲಿಸಿದ್ದೇನೆ. ಅಂಗಡಿ ಹುಡುಕಿಕೊಂಡು ಹೋದರೆ ನಿಮಗೆ ಬೇರೆ ಯಾರೋ ಸಿಗುತ್ತಾರೆ, ಪಂಕ್ಚರ್ ಹಾಕಿಸಿಕೊಂಡು ಬನ್ನಿ. ನಾನು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯವನು. ಎಪ್ಪತ್ತೊಂದರಲ್ಲಿ ಈ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದೆ, ಇಲ್ಲೇ ಉಳಿದೆ. ಮರುವರ್ಷ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿತು. ಊರಿನವರು ಏನಾದರೂ ಮಾಡೋಣ ಎಂದರು. ನನಗೆ ಆಗ ಇಪ್ಪತ್ತನಾಲ್ಕು ವರ್ಷ, ಬರೆಯುವ ಹುಚ್ಚು ಬೇರೆ. ಒಂದು ನಾಟಕ ಬರೆದುಕೊಟ್ಟೆ.

ಕಥೆ ಊರಿನದೇ. ನಲವತ್ತೆರಡರಲ್ಲಿ, ಅತ್ತ ಮಹಾಯುದ್ಧ ನಡೆಯುತ್ತಿದ್ದಾಗ, ಇತ್ತ ಈ ಊರಿನ ನಾಲ್ಕು ಜನ ರಸ್ತೆಬದಿಯ ಟೆಲಿಗ್ರಾಫ್ ತಂತಿ ಕಡಿದಿದ್ದರು. ಗಳುವಿಗೆ ಕುಡುಗೋಲು ಕಟ್ಟಿ ಎರಡು ಮೈಲಿ ತಂತಿ ಇಳಿಸಿ, ಹೊತ್ತು ತಂದು ಹೂತರು. ಮೂವರು ಗುಡ್ಡ ಸೇರಿದರು. ನಾಲ್ಕನೆಯವನು ಅಂಜಿನೇಯಲು. ಅವನ ಹೆಂಡತಿ ತೀರಿಕೊಂಡಿದ್ದಳು, ಮನೆಯಲ್ಲಿ ಎಂಟು ವರ್ಷದ ಮಗಳು ಒಬ್ಬಳೇ. ಅವಳನ್ನು ಬಿಟ್ಟು ಹೋಗಲಾರದೆ ಅವನು ತನ್ನ ಹಿತ್ತಲಿನ ಹಗೇವಿನಲ್ಲಿ, ಅಂದರೆ ಜೋಳ ತುಂಬುವ ನೆಲದಡಿಯ ಗುಣಿಯಲ್ಲಿ, ಅವಿತು ಕುಳಿತ. ಒಬ್ಬ ಜಮಾದಾರ ಪೊಲೀಸರನ್ನು ಕರೆದುಕೊಂಡು ಬಂದ. ಊರು ಬಾಯಿ ಬಿಡಲಿಲ್ಲ. ಆಮೇಲೆ ಯಾರೋ ಒಬ್ಬರು ಬಿಟ್ಟರು. ಅಂಜಿನೇಯಲುವನ್ನು ಹಗೇವಿನಿಂದ ಎಳೆದು, ಹುಣಸೆಮರಕ್ಕೆ ಕಟ್ಟಿ, ಜಮಾದಾರ ತನ್ನ ಬೆಲ್ಟು ಬಿಚ್ಚಿ ಹೊಡೆದ. ಹೊತ್ತು ಮುಳುಗುವ ಮುಂಚೆ ಅವನು ಸತ್ತ.

ಹೇಳಿಕೊಟ್ಟವರು ಯಾರು ಎಂದು ನಾನು ಊರಿನ ಹಿರಿಯರನ್ನೆಲ್ಲ ಕೇಳಿದೆ. ಎಲ್ಲರ ಬಾಯಲ್ಲೂ ಒಂದೇ ಹೆಸರು, ತಳವಾರ ಜೋಗಪ್ಪ. ಊರು ಕಾಯುವ ಕೆಲಸದವನು, ಅವತ್ತು ಜಮಾದಾರನ ಹಿಂದೆಯೇ ಇದ್ದವನು. ಆಮೇಲೆ ಅವನೇ ಒಪ್ಪಿಕೊಂಡಿದ್ದ ಎಂದೂ ಹೇಳಿದರು. ನಾನು ಬಂದಾಗ ಜೋಗಪ್ಪ ಸತ್ತು ಹತ್ತು ವರ್ಷವಾಗಿತ್ತು. ಹೆಸರನ್ನು ಹಾಗೆಯೇ ನಾಟಕದಲ್ಲಿ ಹಾಕಿದೆ. ‘ಹಗೇದಾಗ ಅದಾನ್ರಿ ಜಮಾದಾರ್ರೇ’ ಎಂಬ ಸಾಲನ್ನು ಅವನ ಪಾತ್ರಕ್ಕೆ ಕೊಟ್ಟೆ. ಮೊದಲ ವರ್ಷವೇ ಆ ಸಾಲು ಬಂದಾಗ ಕೂತ ಜನ ಒಟ್ಟಿಗೆ ‘ಥೂ’ ಎಂದು ಉಗಿದರು. ನನಗೆ ಆಗ ಎಂಥ ಹೆಮ್ಮೆಯಾಗಿತ್ತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಆಗಸ್ಟ್ ಹದಿನೈದರಂದು, ಧ್ವಜ ಏರಿಸಿದ ಮೇಲೆ, ಶಾಲೆಯ ಬಯಲಿನಲ್ಲಿ ಬಿಸಿಲಿನಲ್ಲೇ ನಾಟಕ ನಡೆಯುತ್ತದೆ. ಆ ಸಾಲಿಗೆ ಊರು ಉಗಿಯುತ್ತದೆ.

ಜಮಾದಾರನ ಪಾತ್ರ ಮಾಡಲು ಯಾರೂ ಒಪ್ಪಿರಲಿಲ್ಲ. ಕೊಂದವನ ಬಟ್ಟೆ ಹಾಕಿಕೊಳ್ಳುವುದೆಂದರೆ ಸುಮ್ಮನೆ ಮಾತಲ್ಲ. ಆಗ ಪಂಚರು ಒಂದು ತೀರ್ಮಾನ ಮಾಡಿದರು. ಅವತ್ತು ಜಮಾದಾರ ರಕ್ತವಾದ ಬೆಲ್ಟನ್ನು ತೊಳೆದು ತರಲು ಜೋಗಪ್ಪನ ಕೈಗೆ ಕೊಟ್ಟಿದ್ದ. ಅಷ್ಟರಲ್ಲಿ ಸುತ್ತಲ ಹಳ್ಳಿಯ ಜನ ಗುಂಪು ಕಟ್ಟಿ ಬರುತ್ತಿದ್ದಾರೆಂದು ಸುದ್ದಿಯಾಗಿ, ಪೊಲೀಸರು ಬೆಲ್ಟು ಬಿಟ್ಟು ಹೊರಟುಬಿಟ್ಟಿದ್ದರು. ಅದು ತಳವಾರರ ಮನೆಯಲ್ಲೇ ಇತ್ತು. ಬೆಲ್ಟು ಯಾರ ಮನೆಯಲ್ಲಿದೆಯೋ ಪಾತ್ರವೂ ಅವರದೇ ಎಂದರು. ಮೊದಲು ಜೋಗಪ್ಪನ ಮಗ, ಅಂದರೆ ಹುಲುಗೇಶನ ಅಪ್ಪ, ಎರಡು ಸಾವಿರದ ಇಸವಿಯಿಂದ ಹುಲುಗೇಶ. ತಾತನಿಗೆ ಊರು ಉಗಿಯುವುದನ್ನು ಮೊಮ್ಮಗ ಅದೇ ವೇದಿಕೆಯ ಮೇಲೆ ನಿಂತು ನೋಡಬೇಕು.

ಆ ಬೆಲ್ಟಿನ ವಿಷಯ ಹೇಳಿಬಿಡುತ್ತೇನೆ. ಅಗಲವಾದ ಚರ್ಮದ ಪಟ್ಟಿ, ಹಿತ್ತಾಳೆಯ ಬಕಲು, ಸೀಟಿ ಇಡಲು ಒಂದು ಪುಟ್ಟ ಚೀಲ. ಹುಲುಗೇಶನ ಅಪ್ಪ ದಪ್ಪ ಮನುಷ್ಯ, ಹೊಟ್ಟೆ ಮುಂದಕ್ಕೆ ಬಂದಿತ್ತು. ಅವನಿಗೆ ಬೆಲ್ಟು ನಾಲ್ಕನೆಯ ತೂತಿಗೆ ಬೀಳುತ್ತಿತ್ತು. ಹುಲುಗೇಶ ಕಡ್ಡಿ. ಅವನಿಗೂ ನಾಲ್ಕನೆಯದೇ. ಎಳೆದು ಐದನೆಯದಕ್ಕೆ ಹಾಕಲು ನಾನೇ ಒಮ್ಮೆ ನೋಡಿದೆ, ಆಗಲಿಲ್ಲ. ಚರ್ಮ ಬಿಸಿಲಿಗೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ವರ್ಷ ವಿಜ್ಞಾನದ ಪಾಠವನ್ನೂ ಮಾಡಿದವನು ಬೇರೇನು ಹೇಳಿಕೊಳ್ಳಲಿ?

ನಾನು ಬರೆದ ಜಮಾದಾರ ಅಬ್ಬರಿಸುತ್ತಾನೆ, ಮೀಸೆ ತಿರುವಿ ಗಹಗಹಿಸುತ್ತಾನೆ. ಹುಲುಗೇಶನ ಅಪ್ಪ ಹಾಗೆಯೇ ಮಾಡುತ್ತಿದ್ದ, ಜನ ನಗುತ್ತಲೂ ಇದ್ದರು. ಹುಲುಗೇಶನ ಕೈಗೆ ಬಂದ ಮೇಲೆ ಜಮಾದಾರ ವರ್ಷ ವರ್ಷ ಮೆತ್ತಗಾಗುತ್ತ ಹೋದ. ದನಿ ಇಳಿಯಿತು. ನಗು ಹೋಯಿತು. ವೇದಿಕೆಯ ಕಲ್ಲಿನ ಮೇಲೆ ಕೂರುವ ಮುನ್ನ ಟೋಪಿ ತೆಗೆದು ಕಲ್ಲನ್ನು ಎರಡು ಸಲ ಝಾಡಿಸಿ ಕೂರತೊಡಗಿದ. ಯಾರಪ್ಪ ಹೇಳಿಕೊಟ್ಟರು ಎಂದು ಕೇಳಿದರೆ, ಕೈ ತಾನೇ ಹೋಗುತ್ತದೆ ಎಂದ. ಮಾಮೂಲಿ ಮನುಷ್ಯನ ಹಾಗೆ ಮಾತಾಡುವ ಈ ಜಮಾದಾರನನ್ನು ಕಂಡರೆ ಜನಕ್ಕೆ ಭಯವಾಗತೊಡಗಿತು. ಅವನು ಬಯಲಿಗೆ ಕಾಲಿಟ್ಟರೆ ನೆರಳಲ್ಲಿ ಮಲಗಿದ ನಾಯಿಗಳು ಬೊಗಳದೆ ಎದ್ದು ಹೋಗುತ್ತಿದ್ದವು. ಒಂದು ಸಲ ತಾಲೀಮಿನ ನಡುವೆ ನನ್ನನ್ನು, ಆ ಮನುಷ್ಯನಿಗೆ ಮಕ್ಕಳಿದ್ದವೇ ಎಂದು ಕೇಳಿದ. ನಿನಗ್ಯಾಕೆ ಬೇಕು ಆ ಉಸಾಬರಿ, ಬರೆದಷ್ಟು ಹೇಳು ಎಂದು ಗದರಿಸಿದೆ.

ಮುಂದಿನ ಸಾಲಿನ ಕುರ್ಚಿಯಲ್ಲಿ ಪ್ರತಿ ವರ್ಷ ಎರ್ರೆಮ್ಮ ಕೂರುತ್ತಿದ್ದಳು. ಅಂಜಿನೇಯಲುವಿನ ಆ ಎಂಟು ವರ್ಷದ ಮಗಳು ಇವಳೇ. ಕಳೆದ ವರ್ಷ ತೊಂಬತ್ತು ತುಂಬಿತ್ತು. ಊರೆಲ್ಲ ಉಗಿಯುವಾಗ ಇವಳೊಬ್ಬಳು ಉಗಿಯುತ್ತಿರಲಿಲ್ಲ. ದೊಡ್ಡ ಮನಸ್ಸು ಎಂದು ನಾನು ಭಾಷಣದಲ್ಲೂ ಹೇಳಿದ್ದೇನೆ. ಆದರೆ ತಳವಾರರ ಮನೆಗೂ ಇವಳ ಮನೆಗೂ ನೀರಿನ ಬಳಕೆಯೂ ಇರಲಿಲ್ಲ. ಒಂದೇ ಕುಲದವರು, ಒಂದೇ ಓಣಿ, ಎಂಬತ್ತು ವರ್ಷದಿಂದ ಆ ಮನೆಯವರು ಈ ಹೊಸ್ತಿಲು ದಾಟಿರಲಿಲ್ಲ.

ಕಳೆದ ವರ್ಷ ಜುಲೈನಲ್ಲಿ ನನ್ನ ಗಾಡಿಯ ಟಯರು ಕೂತಿತ್ತು, ಅಂಗಡಿಗೆ ಹೋಗಿದ್ದೆ. ಹುಲುಗೇಶ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದ.

“ಮೇಷ್ಟ್ರೇ, ಭೂಮಿಕಾಗ ಸಾಲಿಯಾಗ ಚಾಡಿ ಮನ್ಯಾಕಿ ಅಂತಾರ. ನನಗೂ ಅಂದ್ರು, ಸಹಿಸ್ಕಂಡೆ. ಆಕಿ ಊಟ ಬಿಟ್ಟು ಕುಂದ್ರತಾಳ. ನಮ್ಮಜ್ಜನ ಹೆಸರು ಆ ಸಾಲಿನಾಗಿಂದ ತಗೀರಿ. ಬ್ಯಾರೆ ಏನೂ ಕೇಳಂಗಿಲ್ಲ ನಿಮ್ಮನ್ನ.”

ಭೂಮಿಕಾ ಅವನ ಮಗಳು, ಏಳನೆಯ ತರಗತಿ. ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಐವತ್ತು ವರ್ಷದ ಹಿಂದೆ ಬರೆದದ್ದನ್ನು ತಿದ್ದು ಎಂದರೆ ಬರೆಯುವವನಿಗೆ ಉರಿಯುತ್ತದೆ. ಸಾಕ್ಷಿ ತಗಂಡ್ ಬಾ, ತೆಗಿತೀನಿ ಅಂದೆ. ಊರೆಲ್ಲ ಒಂದು ಹೇಳಿದರೆ ನಿನ್ನೊಬ್ಬನ ಮಾತು ಹೆಂಗೆ ಬರೀಲಿ ಎಂದುಬಿಟ್ಟೆ. ಸತ್ತವರ ಸಾಕ್ಷಿ ಎಲ್ಲಿಂದ ತರಲಿ ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡು ಇನ್ನೊಂದು ಟಯರಿಗೆ ಕೈ ಹಾಕಿದ.

ಆ ವರ್ಷ ಶಾಲೆಗೆ ಹೊಸದಾಗಿ ಬಂದ ಗೀತಾಂಜಲಿ ಟೀಚರಿಗೆ ಊರಿನ ಒಳಮಾತುಗಳು ಗೊತ್ತಿರಲಿಲ್ಲ. ಚೆನ್ನಾಗಿ ಮಾತು ಕಲಿಯುವ ಹುಡುಗಿ ಎಂದು ಭೂಮಿಕಾಳನ್ನೇ ಅಂಜಿನೇಯಲುವಿನ ಮಗಳ ಪಾತ್ರಕ್ಕೆ ಆರಿಸಿದರು. ಸಣ್ಣ ಪಾತ್ರ. ಹುಡುಗಿ ತಲೆಯ ಮೇಲೆ ರೊಟ್ಟಿ ಗಂಟು ಹೊತ್ತು ಬರುತ್ತಾಳೆ, ಜಮಾದಾರ ಗಂಟನ್ನು ಒದ್ದು ಅಬ್ಬರಿಸುತ್ತಾನೆ, ಹುಡುಗಿ ಅಳುತ್ತಾಳೆ, ಆಗ ತಳವಾರ ಬಂದು ಆ ಸಾಲು ಹೇಳುತ್ತಾನೆ. ತಳವಾರನ ಪಾತ್ರ ಊರಿಗೆ ನೀರು ಬಿಡುವ ಮಂಜಣ್ಣನದು.

ಆಗಸ್ಟ್ ಹದಿನೈದು. ಹನ್ನೊಂದು ಗಂಟೆಯ ಬಿಸಿಲು, ಗಾಳಿ ಇಲ್ಲ. ನಾನು ವೇದಿಕೆಯ ಮಗ್ಗುಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ, ಎರ್ರೆಮ್ಮನ ಕುರ್ಚಿ ನನ್ನಿಂದ ಮೂರು ಮಾರು. ಹುಲುಗೇಶ ಬಂದ, ಟೋಪಿಯಿಂದ ಕಲ್ಲು ಝಾಡಿಸಿದ, ಕೂತ. ಭೂಮಿಕಾ ಗಂಟು ಹೊತ್ತು ಬಂದಳು. ಬರುವಾಗಲೇ ಕುಂಟುತ್ತಿದ್ದಳು. ವೇಷಕ್ಕೆಂದು ಚಪ್ಪಲಿ ಬಿಟ್ಟು ಬಯಲು ದಾಟಿ ಬಂದವಳ ಅಂಗಾಲಿಗೆ ನಿಜವಾಗಿಯೂ ಮುಳ್ಳು ಮುರಿದಿತ್ತು. ಬಾಯಲ್ಲಿ ಮಾತು ಹೇಳುತ್ತಿದ್ದಳು, ಕಣ್ಣಲ್ಲಿ ನೀರು.

ಹುಲುಗೇಶ ಗಂಟು ಒದೆಯಲಿಲ್ಲ. ಏನೋ ಮರೆತನೆಂದು ನಾನು ಸಾಲನ್ನು ಎತ್ತಿಕೊಟ್ಟೆ. ಅವನು ನನ್ನ ಕಡೆ ನೋಡಲಿಲ್ಲ. ಹುಡುಗಿಯನ್ನು ಹತ್ತಿರ ಕರೆದ, ಕಲ್ಲಿನ ಮೇಲೆ ಕೂರಿಸಿ ತಾನು ನೆಲಕ್ಕೆ ಕೂತ, ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಅವನ ಕೈ ಬೆಲ್ಟಿನ ಆ ಪುಟ್ಟ ಚೀಲಕ್ಕೆ ಹೋಯಿತು. ಒಳಗಿಂದ ಒಂದು ಚಿಮಟ ತೆಗೆದ. ತುಕ್ಕು ಹಿಡಿದ, ಬೆರಳುದ್ದದ, ಮುಳ್ಳು ಕೀಳುವ ಚಿಮಟ. ಐವತ್ತೆರಡು ವರ್ಷದಿಂದ ಆ ಬೆಲ್ಟನ್ನು ನೋಡಿದವನು ನಾನು. ಚೀಲದಲ್ಲಿ ಏನಿದೆ ಎಂದು ಒಮ್ಮೆಯೂ ಕೈ ಹಾಕಿರಲಿಲ್ಲ. ಮುಳ್ಳು ಎಳೆದು, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅವನು ಕೇಳಿದ.

“ಅಪ್ಪ ಎಲ್ಲವ್ವ? ಅಪ್ಪ ತಗಿಯಂಗಿಲ್ಲೇನು ನಿನ್ನ ಮುಳ್ಳು?”

ಈ ಮಾತು ನಾಟಕದಲ್ಲಿ ಇಲ್ಲ. ತಾನು ಆಡಿದ್ದಲ್ಲ, ಬಾಯಿಗೆ ಬಂತು ಎಂದು ಹುಲುಗೇಶ ಆಮೇಲೆ ಹೇಳಿದ. ನಿಜವಾದ ಮಗಳ ಕಾಲು ಹಿಡಿದು, ನಿಜವಾದ ಅಪ್ಪನೇ, ಅಪ್ಪ ಎಲ್ಲಿ ಎಂದು ಕೇಳುತ್ತಿದ್ದ. ಭೂಮಿಕಾ ತಬ್ಬಿಬ್ಬಾಗಿ ನನ್ನ ಕಡೆ ನೋಡಿದಳು. ಆಗ ನನ್ನ ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ಎರ್ರೆಮ್ಮ ಎದ್ದು ನಿಂತಿದ್ದಳು. ಎಡಗಾಲನ್ನು ಒಂಚೂರು ಮುಂದಕ್ಕೆ ಇಟ್ಟಿದ್ದಳು. ತೊಂಬತ್ತರ ಮುದುಕಿಯ ಗಂಟಲಿನಿಂದ ತೆಳ್ಳನೆಯ ಒಂದು ಮಗುವಿನ ದನಿ ಬಂತು.

“ಹಗೇದಾಗ ಅದಾನ್ರಿ ನಮ್ಮಪ್ಪ.”

ಮುಂದಿನ ಎರಡು ಸಾಲಿನವರು ಕೇಳಿಸಿಕೊಂಡರು. ಯಾರೋ ಕಿಸಕ್ಕನೆ ನಕ್ಕರು, ಯಾರೋ ಅಜ್ಜಿಗೆ ಅರಳುಮರಳು ಎಂದರು. ಹುಲುಗೇಶನಿಗೆ ಅರ್ಥವಾಯಿತು. ಅವನ ಮುಖ ನೋಡುತ್ತಿದ್ದ ನನಗೂ ಆಯಿತು. ನಾನು ಕೇಳಿದ್ದ ಸಾಕ್ಷಿ ಎದ್ದು ನಿಂತಿತ್ತು, ಇಡೀ ಊರಿನ ಮುಂದೆ. ಅವನ ಎದುರಿಗೆ ಮೈಕು ಇತ್ತು. ಕೇಳಿದಿರಾ, ಹೇಳಿದ್ದು ನಮ್ಮಜ್ಜನಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಎದುರಿಗೇ ಕಲ್ಲಿನ ಮೇಲೆ ಅವನ ಮಗಳು ಕೂತಿದ್ದಳು. ಅವನು ಎದ್ದು, ವೇದಿಕೆಯ ಅಂಚಿಗೆ ಬಂದು, ಟೋಪಿ ತೆಗೆದು, ಎರ್ರೆಮ್ಮನನ್ನೇ ನೋಡುತ್ತ ಮೆಲ್ಲಗೆ ಅಂದ.

“ನನಗ ಕೇಳಿಸಲಿಲ್ಲವ್ವ. ನೀ ಮನಿಗೆ ಹೋಗು.”

ನಲವತ್ತೆರಡರಲ್ಲಿ ಆ ನಿಜವಾದ ಜಮಾದಾರನೂ ಇಷ್ಟು ಅನ್ನಬಹುದಿತ್ತು. ಮುಳ್ಳು ಕಿತ್ತಷ್ಟೇ ಸುಲಭವಾಗಿ ಅನ್ನಬಹುದಿತ್ತು. ಎರ್ರೆಮ್ಮ ಕುರ್ಚಿಗೆ ಕುಸಿದಳು. ಹುಲುಗೇಶ ತಿರುಗಿ, ಬೆಪ್ಪಾಗಿ ನಿಂತಿದ್ದ ಮಂಜಣ್ಣನ ಕಡೆ ಬೆರಳು ಮಾಡಿ, ಎಲ್ಲಿ ಅದಾನ ನೀ ಹೇಳಲೇ ತಳವಾರ ಎಂದು ಬಯಲೆಲ್ಲ ಕೇಳುವಂತೆ ಕೂಗಿದ. ಇಪ್ಪತ್ತೈದು ವರ್ಷದಲ್ಲಿ ಅವನ ದನಿ ಅಷ್ಟು ಏರಿದ್ದು ಅದೊಂದೇ ಸಲ. ಮಂಜಣ್ಣ ಗಾಬರಿಯಿಂದ ತನ್ನ ಸಾಲು ಹೇಳಿದ. ಊರು ರೂಢಿಯಂತೆ ‘ಥೂ’ ಎಂದಿತು. ನಾನು ಪುಸ್ತಕ ಮುಚ್ಚಿದೆ.

ಮಧ್ಯಾಹ್ನ ಎರ್ರೆಮ್ಮ ನಮ್ಮಿಬ್ಬರಿಗೂ ಹೇಳಿಕಳಿಸಿದಳು. ಹುಲುಗೇಶ ಬೆಲ್ಟು ಬಿಚ್ಚಿರಲಿಲ್ಲ, ಹಾಗೆಯೇ ಬಂದ. ಹೊಸ್ತಿಲ ಹೊರಗೆ ನಿಂತವನನ್ನು ಒಳಗೆ ಕರೆದು, ಚೊಂಬಿನಲ್ಲಿ ನೀರು ಕೊಟ್ಟಳು. ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಮುದುಕಿಯ ಬುದ್ಧಿ ಪೂರ್ತಿ ನೆಟ್ಟಗಿತ್ತು. ಆ ದಿನ ಜಮಾದಾರ ಕಲ್ಲನ್ನು ಟೋಪಿಯಿಂದ ಎರಡು ಸಲ ಝಾಡಿಸಿ ಕೂತದ್ದು, ತನ್ನನ್ನು ಕರೆದು ಮುಳ್ಳು ಕಿತ್ತದ್ದು, ಗಾಯಕ್ಕೆ ಎಕ್ಕದ ಹಾಲು ಬಿಟ್ಟದ್ದು, ತನ್ನ ಊರಲ್ಲಿ ತನಗೂ ನಿನ್ನಷ್ಟೇ ವಯಸ್ಸಿನ ಮಗಳಿದ್ದಾಳೆ ಎಂದದ್ದು, ಎಲ್ಲವನ್ನೂ ಹೇಳಿದಳು. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಹೇಳಿದಳು, ಅಷ್ಟೆ. ಹಿಂದೆ ನಿಂತಿದ್ದ ಜೋಗಪ್ಪ ಓಡಿಬಂದು ಅವಳ ಬಾಯಿ ಮುಚ್ಚುವಷ್ಟರಲ್ಲಿ ಮಾತು ಮುಗಿದಿತ್ತು.

ನೋವಾಗಬಾರದೆಂದು ನಾನು ನಡುವೆ ಬಾಯಿ ಹಾಕಿದೆ. ಆ ಜಮಾದಾರ ಮಗುವನ್ನು ಪುಸಲಾಯಿಸಲು ನಾಟಕವಾಡಿದ್ದಾನೆ, ನಿನ್ನ ತಪ್ಪೇನಿದೆ ಎಂದೆ. ಎರ್ರೆಮ್ಮ ನನ್ನನ್ನು ನೋಡಿದ ರೀತಿಗೆ ನನ್ನ ಮೇಷ್ಟ್ರಗಿರಿ ಎಲ್ಲ ಇಳಿದುಹೋಯಿತು.

“ನಾಟಕ ನೀವ್ ಮಾಡೀರಿ ಮೇಷ್ಟ್ರೇ. ಅಂವ ಮಾಡ್ಲಿಲ್ಲ. ಮುಳ್ಳು ತಗದಿದ್ದೂ ಖರೇ, ನಮ್ಮಪ್ಪನ್ನ ಬಡದು ಕೊಂದಿದ್ದೂ ಖರೇ. ಅದಾ ಕೈಲೇ.”

ಜೋಗಪ್ಪ ಆವತ್ತು ಸಂಜೆ ಅವಳನ್ನು ಹಿತ್ತಲಿಗೆ ಕರೆದು, ಯಾರು ಕೇಳಿದರೂ ನಾನೇ ಹೇಳಿದೆ ಎನ್ನುತ್ತೇನೆ, ನೀನು ಬಾಯಿ ಬಿಡಬೇಡ, ನಿನ್ನ ಬಾಳೇವು ಇನ್ನೂ ಉದ್ದ ಇದೆ ಎಂದನಂತೆ. ಆಮೇಲೆ ಅವನು ಬದುಕಿದ್ದ ಅಷ್ಟೂ ವರ್ಷ, ಬಾವಿಯ ಹತ್ತಿರ ಎದುರಾದರೂ ಅವಳ ಕಡೆ ಕಣ್ಣೆತ್ತಿ ನೋಡಲಿಲ್ಲ. ನೋಡಿದರೆ ಇವಳೆಲ್ಲಿ ನಿಜ ಹೇಳಿಬಿಡುತ್ತಾಳೋ ಎಂಬ ಹೆದರಿಕೆ ಅವನಿಗಿತ್ತು. ಅವನ ಹೆಣಕ್ಕೂ ಇವಳು ಹೋಗಲಿಲ್ಲ. ಹೇಳಿದ ಮಾತು ಕೇಳಿದೆನಪ್ಪ, ಬಾಯಿ ಬಿಡಲಿಲ್ಲ ಎಂದು ಹುಲುಗೇಶನ ಕೈ ಹಿಡಿದುಕೊಂಡು ಅತ್ತಳು. ಅವನೂ ಅತ್ತ.

ನಾನು ಆ ಸಾಲನ್ನು ಇವತ್ತೇ ಹೊಡೆದುಹಾಕುತ್ತೇನೆ ಎಂದೆ. ಹುಲುಗೇಶ ಬೇಡ ಎಂದ. ಅಜ್ಜ ಹೊತ್ತದ್ದನ್ನು ಈ ಅಜ್ಜಿ ಬದುಕಿರುವಾಗ ಇಳಿಸುವುದು ಬೇಡ. ಮಗಳಿಗೆ ಮಾತ್ರ ಇವತ್ತು ರಾತ್ರಿ ಹೇಳುತ್ತೇನೆ, ಅವಳಿಗೆ ಗೊತ್ತಿದ್ದರೆ ಸಾಕು ಎಂದ. ಭೂಮಿಕಾ ಈಗ ಯಾರು ಏನಂದರೂ ತಲೆ ಎತ್ತಿಕೊಂಡೇ ಶಾಲೆಗೆ ಹೋಗುತ್ತಾಳೆ, ಯಾಕೆಂದು ಹುಡುಗರಿಗೆ ತಿಳಿಯುವುದಿಲ್ಲ. ಇದನ್ನು ಬರೆಯಲು ಅವರೆಲ್ಲರೂ ಒಪ್ಪಿದ್ದಾರೆ, ನಿಜವಾದ ಹೆಸರು ಹಾಕಬಾರದೆಂಬ ಮಾತಿನ ಮೇಲೆ.

ನಾವು ಹೊರಡಲು ಎದ್ದಾಗ ಎರ್ರೆಮ್ಮ ಹುಲುಗೇಶನ ಬೆಲ್ಟನ್ನು ಹಿಡಿದು ನಿಲ್ಲಿಸಿದಳು. ಪ್ರತಿ ವರ್ಷ ತಾನು ಮುಂದೆ ಕೂರುವುದು ಯಾಕೆ ಗೊತ್ತೇ ಎಂದು ಕೇಳಿದಳು. ಜಮಾದಾರ ಒಮ್ಮೆಯಾದರೂ ತಿರುಗಿ ಕೇಳಲಿ ಎಂದು. ಈ ಸಲ ಗೊತ್ತಿಲ್ಲ ಎನ್ನಬೇಕೆಂದು ಎಂಬತ್ತೆರಡು ವರ್ಷ ಕಾದಿದ್ದಳು. ಇವತ್ತು ಕೇಳಿದ. ಇವತ್ತೂ ಹೇಳಿಬಿಟ್ಟಳು. ಆಮೇಲೆ ಅವಳು ಮಾತಾಡಿದ್ದು ಹುಲುಗೇಶನ ಜೊತೆ ಅಲ್ಲ, ಅವನ ಹೆಗಲ ಹಿಂದೆ ಇನ್ಯಾರೋ ನಿಂತಿದ್ದರೆ ಅವರ ಜೊತೆ.

“ಮುಂದಿನ ವರ್ಷ ಮತ್ತ ಕೇಳ್ರಿ ಜಮಾದಾರ್ರೇ. ನಾ ಹೇಳಂಗಿಲ್ಲ.”

ಈಗ ಮತ್ತೆ ಜುಲೈ. ತಾಲೀಮು ಶುರುವಾಗಿದೆ. ಮೊನ್ನೆ ಹುಲುಗೇಶ ಬೆಲ್ಟು ಕಟ್ಟಿದ, ಅದು ನಾಲ್ಕನೆಯ ತೂತಿಗೇ ಬಿತ್ತು. ಈ ಸಲವೂ ಕೇಳುತ್ತೀಯಾ ಎಂದೆ. ಕೇಳಲೇಬೇಕಲ್ರಿ ಎಂದ. ಅವನಿಗೆ ಹೆದರಿಕೆಯಾಗಿದೆ, ನನಗೂ ಆಗಿದೆ. ತೊಂಬತ್ತೊಂದರ ಎರ್ರೆಮ್ಮ ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಯ ಮೇಲೆ ಒಬ್ಬಳೇ ಕೂರುತ್ತಾಳೆ. ನಿನ್ನೆ ನಾನು ಆ ಓಣಿಯಲ್ಲಿ ಬರುತ್ತಿದ್ದೆ. ಎಡಗಾಲನ್ನು ಯಾರದೋ ತೊಡೆಯ ಮೇಲೆ ಇಟ್ಟಂತೆ ಮುಂದಕ್ಕೆ ಚಾಚಿ, ಎದುರಿನ ಖಾಲಿ ಜಾಗವನ್ನು ನೋಡುತ್ತ, ಆ ತೆಳ್ಳನೆಯ ದನಿಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು: ಗೊತ್ತಿಲ್ರಿ. ನಮ್ಮಪ್ಪ ಎಲ್ಲಿ ಅದಾನೋ ನನಗ ಗೊತ್ತಿಲ್ರಿ.